ಮಿರರ್ ಬಿಡಿ, ಕಾಸ್ಟ್ ಮಾಡಿ: ಟಿವಿಯಲ್ಲಿ ಯಕ್ಷಗಾನ ಲೈವ್ ತಡವರಿಸಿದರೆ

ಯೂಟ್ಯೂಬಿನ ಯಕ್ಷಗಾನದ ಆಟ ಮೊಬೈಲಿನಲ್ಲಿ ಚೆನ್ನಾಗಿ ಬರುತ್ತದೆ, ಟಿವಿಗೆ ಹಾಕಿದರೆ ಚಂಡೆ ಪೆಟ್ಟು ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ, ಅದಕ್ಕೇ 200 ಎಂಬಿಪಿಎಸ್ ವೇಗದ ಇಂಟರ್‌ನೆಟ್ ಪ್ಲಾನಿಗೆ ಹೋಗುತ್ತೇನೆ ಅಂತ ಈ ಥ್ರೆಡ್ಡಿನಲ್ಲಿ ಫೋಟೋ ಸಮೇತ ಬರೆದಿದ್ದೀರಿ. ಮಾರಾಯ್ರೇ, ದುಡ್ಡು ಕಟ್ಟುವ ಮೊದಲು ಸ್ವಲ್ಪ ತಡೆಯಿರಿ. ನಮ್ಮ ಮನೆಯಲ್ಲೂ ಹೀಗೇ ಪ್ಲಾನ್ ದೊಡ್ಡದು ಮಾಡಿ, ಹೊಸ ರೂಟರ್ ತಂದದ್ದಾಯಿತು. ತಡವರಿಕೆ ಒಂದು ಚೂರೂ ಕಮ್ಮಿ ಆಗಲಿಲ್ಲ.

ನೀವು ಹಾಕಿದ ಫೋಟೋ ನೋಡಿ. ಟಿವಿಯ ಮೇಲೆ ಮೊಬೈಲಿನ ಬ್ಯಾಟರಿ ಗುರುತು, ಗಡಿಯಾರ ಎಲ್ಲ ಕಾಣುತ್ತಿದೆ. ಅಂದರೆ ಇದು ಮಿರರಿಂಗ್. ಪರದೆಯ ಮೇಲಿನಿಂದ ಎಳೆದಾಗ ಸಿಗುವ ಸ್ಮಾರ್ಟ್ ವ್ಯೂ, ಸ್ಕ್ರೀನ್ ಕಾಸ್ಟ್, ವೈರ್‌ಲೆಸ್ ಡಿಸ್‌ಪ್ಲೇ ಎಲ್ಲವೂ ಅದೇ. ಹೆಸರಿನಲ್ಲಿ ಕಾಸ್ಟ್ ಅಂತ ಇದೆ ಅಂತ ನಂಬಬೇಡಿ. ಮಿರರಿಂಗಿನಲ್ಲಿ ಮೊಬೈಲು ವಿಡಿಯೋ ಇಳಿಸಿಕೊಳ್ಳಬೇಕು, ಬಿಡಿಸಬೇಕು, ತನ್ನ ಪರದೆಯನ್ನು ಮತ್ತೆ ವಿಡಿಯೋ ಮಾಡಬೇಕು, ಅದನ್ನು ಗಾಳಿಯಲ್ಲಿ ಟಿವಿಗೆ ಕಳಿಸಬೇಕು. ಇಳಿಸುವುದೂ ಕಳಿಸುವುದೂ ಅದೇ ಒಂದು ವೈಫೈ ಚಿಪ್. ಬಿಸಿ ಆಗದೇ ಇರುತ್ತದಾ? ಇದಕ್ಕೆ 200 ಕೊಟ್ಟರೂ ಅಷ್ಟೇ, 500 ಕೊಟ್ಟರೂ ಅಷ್ಟೇ.

ಯೂಟ್ಯೂಬ್ ಆ್ಯಪಿನ ಒಳಗೇ, ವಿಡಿಯೋದ ಮೇಲ್ಗಡೆ, ಮೂಲೆಯಲ್ಲಿ ಮೂರು ಗೆರೆ ಇರುವ ಚೌಕದ ಗುರುತು ಇದೆಯಲ್ಲ, ಅದನ್ನು ಒತ್ತಿ. ಆಗ ಮೊಬೈಲು ಟಿವಿಗೆ ಕೊಡುವುದು ವಿಡಿಯೋ ಯಾವುದು ಅನ್ನುವ ಗುರುತು ಮಾತ್ರ. ವಿಡಿಯೋವನ್ನು ಟಿವಿಯೇ ನೇರವಾಗಿ ಇಂಟರ್‌ನೆಟ್ಟಿಂದ ಎಳೆದುಕೊಳ್ಳುತ್ತದೆ. ಮೊಬೈಲು ಬರೀ ರಿಮೋಟ್. ಕಾಸ್ಟ್ ಮಾಡುವುದು ಅಂದರೆ ಇದೇ. ಫೋನ್ ಬಂದರೆ ಮಾತಾಡಿ, ಜೇಬಲ್ಲಿ ಇಟ್ಟುಕೊಂಡು ಕೊಟ್ಟಿಗೆಗೆ ಹೋಗಿ ಬನ್ನಿ, ಆಟ ನಡೆಯುತ್ತಲೇ ಇರುತ್ತದೆ. ಲೈವ್ ಅಂದಮೇಲೆ ರಂಗಸ್ಥಳಕ್ಕಿಂತ ಕೆಲವು ಸೆಕೆಂಡು, ಒಮ್ಮೊಮ್ಮೆ ಅರ್ಧ ನಿಮಿಷ ಹಿಂದೆ ಇರುವುದು ಮಾಮೂಲು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಚಂಡೆಯೂ ಹೆಜ್ಜೆಯೂ ಒಟ್ಟಿಗೇ ಹಿಂದೆ ಇರುತ್ತವೆ, ಅಷ್ಟು ಸಾಕಲ್ವಾ.

ಈಗ ಆ ಕಾಸ್ಟ್ ಗುರುತೇ ಬರುವುದಿಲ್ಲ ಅನ್ನುತ್ತೀರಿ. ಅದಕ್ಕೇ ಜನ ಮಿರರಿಂಗಿಗೆ ಹೋಗುವುದು. ನಮ್ಮಲ್ಲಿ ಇದೇ ದೊಡ್ಡ ಕಗ್ಗಂಟಾಗಿತ್ತು. ಮನೆಯದು ಕೆಂಪು ಕಲ್ಲಿನ ದಪ್ಪ ಗೋಡೆ. ಫೈಬರ್‌ನವರ ಮೋಡೆಮ್ ಜಗಲಿಯಲ್ಲಿ, ಟಿವಿ ಒಳಗಿನ ಕೋಣೆಯಲ್ಲಿ. ಸಿಗ್ನಲ್ ಸಿಗಲಿ ಅಂತ ಒಳಗೆ ಇನ್ನೊಂದು ರೂಟರ್ ಇಟ್ಟು, ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟದ್ದಾಗಿತ್ತು. ನೋಡಲು ಒಂದೇ ವೈಫೈ. ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್ ತೆಗೆದು ಐಪಿ (ನೆಟ್‌ವರ್ಕಿನಲ್ಲಿ ಅದರ ವಿಳಾಸದ ಸಂಖ್ಯೆ) ನೋಡಿದರೆ 192.168.0 ಇಂದ ಶುರು, ಮೊಬೈಲಿನದು 192.168.1 ಇಂದ ಶುರು. ಎರಡೂ ಬೇರೆ ಬೇರೆ ನೆಟ್‌ವರ್ಕ್. ಟಿವಿ ಎಲ್ಲಿದೆ ಅಂತ ಮೊಬೈಲು ಕೂಗಿ ಕೇಳುವುದು ತನ್ನ ನೆಟ್‌ವರ್ಕಿನ ಒಳಗೆ ಮಾತ್ರ. ಎರಡನೇ ರೂಟರ್ ಆ ಕೂಗನ್ನು ದಾಟಿಸುವುದಿಲ್ಲ. ಆ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ (ತನ್ನದೇ ನೆಟ್‌ವರ್ಕ್ ಮಾಡದೆ ಮೋಡೆಮಿನದನ್ನೇ ಮುಂದುವರಿಸುವುದು) ಹಾಕಿದ ಕೂಡಲೇ ಗುರುತು ಬಂತು. ಆ ಮೋಡ್ ಇಲ್ಲದ ಹಳೇ ರೂಟರ್ ಆದರೆ ಅದರ ಐಪಿಯನ್ನು 192.168.1.2 ಮಾಡಿ (ಮೋಡೆಮಿನದು 192.168.1.1 ಇದ್ದರೆ), ಉಪಕರಣಗಳಿಗೆ ತಾನೇ ಐಪಿ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಮೋಡೆಮಿಂದ ಬಂದ ಕೇಬಲ್ಲನ್ನು ವ್ಯಾನ್ (ಇಂಟರ್‌ನೆಟ್ ಬರುವ) ಪೋರ್ಟಿನಿಂದ ತೆಗೆದು ಲ್ಯಾನ್ (ಮನೆಯ ಉಪಕರಣಗಳ) ಪೋರ್ಟಿಗೆ ಚುಚ್ಚಿ. ಇದೇ ಕ್ರಮದಲ್ಲಿ ಮಾಡಿ, ಇಲ್ಲವಾದರೆ ಮಧ್ಯದಲ್ಲಿ ರೂಟರಿನ ಒಳಗೆ ಹೋಗಲು ಆಗುವುದಿಲ್ಲ.

ಐಪಿ ಸರಿ ಇದ್ದೂ ಗುರುತು ಬರದಿದ್ದರೆ ಗೆಸ್ಟ್ ವೈಫೈಯಲ್ಲಿ ಇದ್ದೀರಾ ನೋಡಿ. ರೂಟರಿನಲ್ಲಿ ಎಪಿ ಐಸೋಲೇಶನ್ (ಒಂದೇ ವೈಫೈಯ ಉಪಕರಣಗಳು ಒಂದನ್ನೊಂದು ನೋಡದಂತೆ ತಡೆಯುವುದು) ಆನ್ ಇದ್ದರೆ ಆಫ್ ಮಾಡಿ. ಮೊಬೈಲಿನಲ್ಲಿ ವಿಪಿಎನ್ (ಇಂಟರ್‌ನೆಟ್ಟನ್ನು ಬೇರೆ ಸರ್ವರಿನ ಮೂಲಕ ಸುತ್ತಿಸುವ ಆ್ಯಪ್) ಆನ್ ಇದ್ದರೂ ಹೀಗೇ. ಐಫೋನ್ ಆದರೆ ಪ್ರೈವಸಿಯಲ್ಲಿ ಲೋಕಲ್ ನೆಟ್‌ವರ್ಕ್ ಅನುಮತಿ ಬೇಕು. ಏನೂ ಆಗಲಿಲ್ಲವಾ, ಟಿವಿಯ ಯೂಟ್ಯೂಬ್ ಸೆಟ್ಟಿಂಗಿನಲ್ಲಿ ಟಿವಿ ಕೋಡ್ ಅಂತ ಇರುತ್ತದೆ, ಅದನ್ನು ಮೊಬೈಲಿನ ಯೂಟ್ಯೂಬಿಗೆ ಹಾಕಿ. ಇದಕ್ಕೆ ಎರಡೂ ಒಂದೇ ವೈಫೈಯಲ್ಲಿ ಇರಬೇಕು ಅಂತಲೂ ಇಲ್ಲ.

ಆಮೇಲೆ ನಾನು ಎಲ್ಲರಿಗೂ ಹೇಳುವ ಮಾತು: ರೂಟರಿನಿಂದ ಟಿವಿಗೆ ಲ್ಯಾನ್ ಕೇಬಲ್ ಎಳೆಯಿರಿ. ಕಮ್ಮಿ ಬೆಲೆಯ ಎಷ್ಟೋ ಟಿವಿಗಳಲ್ಲಿ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇರುತ್ತದೆ, ದಪ್ಪ ಗೋಡೆಯ ಮನೆಯಲ್ಲಿ 5 ಗಿಗಾಹರ್ಟ್ಸ್ ಇದ್ದರೂ ಒಳಗೆ ಮುಟ್ಟುವುದಿಲ್ಲ. ಟಿವಿಯ ಲ್ಯಾನ್ ಪೋರ್ಟ್ ಸಾಮಾನ್ಯವಾಗಿ 100 ಎಂಬಿಪಿಎಸ್ಸಿನದು. ಕಮ್ಮಿ ಅನ್ನಬೇಡಿ, 1080ಪಿ ಯೂಟ್ಯೂಬಿಗೆ 5, 4ಕೆಗೆ 20 ಎಂಬಿಪಿಎಸ್ ಸಾಕು. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ ಕ್ಯಾಟ್ 6 ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಹಾಕಿದ್ದನ್ನು ಅಗ್ಗಕ್ಕೆ ಕೊಡುತ್ತಾರೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಮತ್ತೆ ಸಿಡಿಲು. ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟ್ ಬರುವುದಿಲ್ಲ ಅಂತ ಧೈರ್ಯ ಮಾಡಬೇಡಿ. ಅಡಾಪ್ಟರಿನಿಂದಲೂ ಲ್ಯಾನ್ ಕೇಬಲ್ಲಿನಿಂದಲೂ ಬರುತ್ತದೆ. ಗುಡುಗು ಶುರುವಾಗುವ ಮೊದಲೇ ಎರಡನ್ನೂ ಕಿತ್ತಿಡಿ. ಮನೆಯಿಂದ ಕೊಟ್ಟಿಗೆ ಮನೆಗೆ ಅಂಗಳದ ಮೇಲೆ ಲ್ಯಾನ್ ಕೇಬಲ್ ಎಳೆಯಲೇಬೇಡಿ.

ಇದೇ ಥ್ರೆಡ್ಡಿನಲ್ಲಿ, ಟಿವಿಗೆ ಚುಚ್ಚಿ ಕಾಸ್ಟ್ ಮಾಡುವ ಗೂಗಲ್ಲಿನ ಪುಟ್ಟ ಸಾಧನ ಕ್ರೋಮ್‌ಕಾಸ್ಟ್ ತಗೊಳ್ಳಿ ಅಂತ ಯಾರೋ ಹೇಳಿದ್ದಾರೆ. ಗೂಗಲ್ ಅದನ್ನು 2024ರಲ್ಲೇ ನಿಲ್ಲಿಸಿದೆ. ಹಳೆಯದು ಇದ್ದರೆ ಬಳಸಿ, ಚೆನ್ನಾಗಿಯೇ ಇದೆ. ಆದರೆ ಟಿವಿಯ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ. ಎಷ್ಟೋ ಟಿವಿಗಳಲ್ಲಿ ಅಲ್ಲಿ ಸಿಗುವುದು ಅರ್ಧ ಆಂಪಿಯರ್, ನಡುವೆ ತಾನೇ ರೀಸ್ಟಾರ್ಟ್ ಆಗುತ್ತದೆ. ಏನೋ ಕೆಟ್ಟಿತು ಅಂತ ಫ್ಯಾಕ್ಟರಿ ರೀಸೆಟ್‌ಗೂ ಓಡಬೇಡಿ. 2025ರ ಮಾರ್ಚಿನಲ್ಲಿ ಸರ್ಟಿಫಿಕೇಟ್ ಅವಧಿ ಮುಗಿದು ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳೆಲ್ಲ ನಿಂತಾಗ ರೀಸೆಟ್ ಮಾಡಿದವರೇ ಜಾಸ್ತಿ ದಿನ ಕಾದದ್ದು. ಅಮೆಜಾನಿನ ಫೈರ್ ಟಿವಿ ಸ್ಟಿಕ್ ರಿಮೋಟ್ ಹಿಡಿದು ನೋಡುವವರಿಗೆ ಒಳ್ಳೆಯದು, ಆದರೆ ಅದರಲ್ಲಿ ಗೂಗಲ್ ಕಾಸ್ಟ್ (ಮೊಬೈಲಿನ ಆ್ಯಪುಗಳಿಂದ ಟಿವಿಗೆ ಕಾಸ್ಟ್ ಮಾಡುವ ಗೂಗಲ್ ವ್ಯವಸ್ಥೆ) ಇಲ್ಲ. ಯೂಟ್ಯೂಬಿಗೆ ಮಾತ್ರ ಅದರದೇ ಆ್ಯಪಿನಿಂದ ಕೆಲಸ ನಡೆಯುತ್ತದೆ. ಹೊಸದು ತರುವುದಾದರೆ ಗೂಗಲ್ ಟಿವಿ ಇರುವುದನ್ನೇ ನೋಡಿ.

ಸಾವಿರ ಚಾನೆಲ್ ಫ್ರೀ ಅನ್ನುವ ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್ ಮಾತ್ರ ಖಂಡಿತ ಬೇಡ. ಅದರಲ್ಲಿ ಬರುವುದು ಕದ್ದ ಚಾನೆಲ್. ಕಾರ್ಖಾನೆಯಿಂದಲೇ ಮಾಲ್‌ವೇರ್ ತುಂಬಿಕೊಂಡು ಬರುವ ಇಂಥ ಬಾಕ್ಸ್‌ಗಳ ಬಗ್ಗೆ ಬ್ಯಾಡ್‌ಬಾಕ್ಸ್ 2.0 ಅಂತ 2025ರಲ್ಲಿ ಎಫ್‌ಬಿಐ ಎಚ್ಚರಿಕೆ ಕೊಟ್ಟಿದೆ. ಯುಪಿಐ ಇರುವ ಮೊಬೈಲು ಅದೇ ವೈಫೈಯಲ್ಲಿ ಇರುತ್ತದೆ, ಯೋಚನೆ ಮಾಡಿ. ಕನ್ನಡ ನ್ಯೂಸ್ ಚಾನೆಲ್‌ಗಳು ಯೂಟ್ಯೂಬಿನಲ್ಲೇ ಲೈವ್ ಇವೆ, ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರ ನವೆಂಬರಿನಿಂದ ಇದೆ. ಕದಿಯುವ ಅಗತ್ಯ ಏನಿದೆ?

ದುಡ್ಡು ಕೊಟ್ಟ ಆ್ಯಪು ಟಿವಿಗೆ ಹೋಗದಿದ್ದರೆ ಪ್ಲಾನ್ ನೋಡಿ. ಮೊಬೈಲ್ ಪ್ಲಾನ್ ಅಂದರೆ ಮೊಬೈಲಿಗೆ ಮಾತ್ರ, ನೆಟ್‌ಫ್ಲಿಕ್ಸಿನಲ್ಲೂ ಜಿಯೋಹಾಟ್‌ಸ್ಟಾರಿನಲ್ಲೂ. ಮಿರರ್ ಮಾಡಿದರೆ ಧ್ವನಿ ಮಾತ್ರ ಬಂದು ಪರದೆ ಕಪ್ಪಾಗುವುದು ಕಾಪಿ ತಡೆಯುವ ಬೀಗದಿಂದ, ಟಿವಿ ಕೆಟ್ಟಿದ್ದಲ್ಲ. ಕರೆಂಟ್ ಹೋದಾಗ ಹಾಟ್‌ಸ್ಪಾಟ್ ಹಾಕಿ ನೋಡುವವರು ಡೇಟಾ ಲೆಕ್ಕ ಇಟ್ಟುಕೊಳ್ಳಿ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೂ ಹೋಗಬಹುದು, ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಪಾತ್ರಗಳು ರಂಗಕ್ಕೆ ಬರುವ ಒಡ್ಡೋಲಗ ಮುಗಿಯುವುದರೊಳಗೆ ಖಾಲಿ. ಅದಕ್ಕಿಂತ ರೂಟರಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ತನ್ನಿ. ರೂಟರ್ ಅಡಾಪ್ಟರಿನ ಮೇಲೆ ವೋಲ್ಟು, ಆಂಪಿಯರ್ ಬರೆದಿರುತ್ತದೆ, ಅದಕ್ಕೆ ಸರಿಹೊಂದುವುದನ್ನೇ ತನ್ನಿ.

ಟಿವಿ ಮಾಡೆಲ್ ನಂಬರ್ ಮತ್ತೆ ಎರಡೂ ಐಪಿ ಇಲ್ಲೇ ಕೆಳಗೆ ಹಾಕಿ. ರಾತ್ರಿ ಆಟ ಶುರುವಾಗುವ ಮೊದಲು ನೋಡಿ ಹೇಳುತ್ತೇನೆ.