ಥೈರಾಯ್ಡ್ ಆಪರೇಷನ್ ಆದ್ಮೇಲೆ ಕ್ಯಾಲ್ಸಿಯಂ ಇಳಿದಿದೆ ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಸುಳಿವು ಸಿಗೋದು ತುಟಿ ಸುತ್ತ ಮತ್ತೆ ಬೆರಳ ತುದೀಲಿ, ಜುಮ್ ಜುಮ್ ಅನ್ನುತ್ತೆ, ಜೋಮು ಹಿಡಿದ ಹಾಗಾಗುತ್ತೆ. ಎಷ್ಟೋ ಜನ ಇದನ್ನ ಸುಸ್ತು, ಟೆನ್ಷನ್ ಅಂತ ಸುಮ್ನಿದ್ದುಬಿಡ್ತಾರೆ, ಹಾಗೆ ಮಾಡ್ಬೇಡಿ.

ಥೈರಾಯ್ಡ್ ಹಿಂಭಾಗದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತೆ, ಸಾಮಾನ್ಯವಾಗಿ 4, ರಕ್ತದಲ್ಲಿ ಕ್ಯಾಲ್ಸಿಯಂ ಹಿಡಿತದಲ್ಲಿಡೋದು ಅವೇ. ಪೂರ್ತಿ ಥೈರಾಯ್ಡ್ ತೆಗೆಯುವಾಗ ಅವಕ್ಕೆ ಪೆಟ್ಟು ಬಿದ್ರೆ ಅಥವಾ ರಕ್ತ ಸರಿಯಾಗಿ ಹೋಗ್ದೇ ಇದ್ರೆ ಕ್ಯಾಲ್ಸಿಯಂ ಇಳಿಯುತ್ತೆ, ಅದೂ ತಕ್ಷಣ ಅಲ್ಲ, ಹೆಚ್ಚಾಗಿ 1ರಿಂದ 3 ದಿನದೊಳಗೆ, ಅಂದ್ರೆ ಡಿಸ್ಚಾರ್ಜ್ ಆಗಿ ಮನೆಗೆ ಬಂದ್ಮೇಲೂ ಶುರುವಾಗ್ಬಹುದು.

ಇನ್ನೂ ಇಳಿದ್ರೆ ಸ್ನಾಯು ಹಿಡ್ಕೊಳ್ಳುತ್ತೆ. ಬಿಪಿ ಪಟ್ಟಿ ತೋಳಿಗೆ ಬಿಗಿದು ಸುಮಾರು 3 ನಿಮಿಷ ಬಿಟ್ರೆ ಮಣಿಕಟ್ಟು ಒಳಕ್ಕೆ ಬಾಗಿ, ಬೆರಳು ನೆಟ್ಟಗಾಗಿ ಒಂದಕ್ಕೊಂದು ಸೇರ್ಕೊಳ್ಳುತ್ತೆ, ಡಾಕ್ಟರ್‌ಗಳು ಇದನ್ನ ಟ್ರೂಸೋ ಸೈನ್ ಅಂತಾರೆ (ಮನೇಲಿ ಟ್ರೈ ಮಾಡೋ ವಿಷಯ ಅಲ್ಲ, ರಕ್ತ ಪರೀಕ್ಷೆನೇ ಸರಿ).

ಕೈಕಾಲು ಸೆಟೆದುಕೊಳ್ಳೋದು, ಉಸಿರು ಕಟ್ಟೋದು, ಗಂಟಲು ಬಿಗಿಯೋದು, ಫಿಟ್ಸ್, ಎದೆಬಡಿತ ಏರುಪೇರು, ಇದ್ರಲ್ಲಿ ಒಂದು ಕಂಡ್ರೂ ಸೀದಾ ಎಮರ್ಜೆನ್ಸಿಗೆ ಹೋಗಿ, ಅಲ್ಲಿ ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಕೊಡ್ತಾರೆ. ಬರೀ ಜುಮ್ ಅಂದ್ರೂ ಅವತ್ತೇ ಸರ್ಜನ್‌ಗೆ ಫೋನ್ ಮಾಡಿ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಸರಿಹೋಗುತ್ತೆ, ಕೆಲವರಿಗೆ ಮಾತ್ರ ಕ್ಯಾಲ್ಸಿಯಂ ಮಾತ್ರೆ ಕಾಯಂ.

ಇನ್ನೊಂದು, ಕ್ಯಾಲ್ಸಿಯಂ ಮಾತ್ರೆನ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ) ಜೊತೆಗೇ ನುಂಗ್ಬೇಡಿ, 4 ಗಂಟೆ ಗ್ಯಾಪ್ ಇರ್ಲಿ, ಇಲ್ಲಾಂದ್ರೆ ಥೈರಾಕ್ಸಿನ್ ಸರಿಯಾಗಿ ಹೀರ್ಕೊಳ್ಳಲ್ಲ.