ಸುರಂಗ ಇದೆಯಾ ಮೇಷ್ಟ್ರೇ? ಬೀದರ್ ಕೋಟೆ ಬಗ್ಗೆ ನಿಮ್ಮ ಪ್ರಶ್ನೆಗಳು

ಬೀದರ್ ಕೋಟೆ ನೋಡಿ ಬನ್ನಿ ಅಂತ ಹೋದ ಸಲ ಇಲ್ಲಿ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಕಾಗದ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಅರ್ಧಕ್ಕರ್ಧ ಸುರಂಗದ ಬಗ್ಗೆಯೇ! ಇತಿಹಾಸದ ಮೇಷ್ಟ್ರಾಗಿದ್ದಾಗಲೂ ಹೀಗೇ ಇತ್ತು. ಬಹಮನಿ ಸುಲ್ತಾನರ ಪಾಠ ಮುಗಿಸಿ "ಏನಾದರೂ ಕೇಳೋದಿದೆಯಾ" ಅಂದರೆ ಹಿಂದಿನ ಬೆಂಚಿನಿಂದ ಮೊದಲು ಬರುತ್ತಿದ್ದ ಪ್ರಶ್ನೆ ಅದೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಜೊತೆಗೆ ಇಬ್ಬರು ತುಂಟ ಮಕ್ಕಳು. ಚಿತ್ರದುರ್ಗದಲ್ಲಿ ಅಮ್ಮ ಅರ್ಧಕ್ಕೇ ಕೂತುಬಿಟ್ಟರು. ಬೀದರ್ ಕೋಟೆ ಅವರಿಗೆ ಆಗುತ್ತಾ? ಒಂದು ದಿನ ಸಾಕಾ? (ಗೃಹಿಣಿ, ಮೈಸೂರು)

ಧಾರಾಳವಾಗಿ ಆಗುತ್ತದೆ. ಚಿತ್ರದುರ್ಗದ್ದು ಬೆಟ್ಟದ ಕೋಟೆ, ಹತ್ತಲೇಬೇಕು. ಬೀದರ್ ಹಾಗಲ್ಲ. ಊರೇ ಒಂದು ಎತ್ತರದ ಬಯಲಿನ ಮೇಲಿದೆ. ಆ ಬಯಲಿನ ಅಂಚಿಗೆ ಕೋಟೆ ಇದೆ. ಊರಿನ ಕಡೆಯಿಂದ ಹೋದರೆ ಹೆಚ್ಚುಕಡಿಮೆ ಸಮತಟ್ಟು. ಉತ್ತರದ ಗೋಡೆ ಹತ್ತಿರ ಹೋಗಿ ಇಣುಕಿದಾಗಲೇ ನೀವೆಷ್ಟು ಎತ್ತರದಲ್ಲಿದ್ದೀರಿ ಅಂತ ಗೊತ್ತಾಗೋದು.

ಬೆಳಿಗ್ಗೆ ಬೇಗ ಹೋಗಿ. ಶರ್ಜಾ ದರ್ವಾಜಾ, ಗುಂಬದ್ ದರ್ವಾಜಾ ದಾಟಿದ ಕೂಡಲೇ ರಂಗೀನ್ ಮಹಲ್ ಸಿಗುತ್ತದೆ. ಅದಾದ ಮೇಲೆ ಲಾಲ್ ಬಾಗ್ ತೋಟ, ಮ್ಯೂಸಿಯಂ, ಸೋಲಾ ಕಂಬ ಮಸೀದಿ. ಅಮ್ಮನಿಗೆ ಇಷ್ಟು ಸಾಕು. ಲಾಲ್ ಬಾಗಿನಲ್ಲಿ ಅವರನ್ನು ನೆರಳಿಗೆ ಕೂರಿಸಿ, ನೀವು ಮಕ್ಕಳನ್ನು ಕರೆದುಕೊಂಡು ತಖ್ತ್ ಮಹಲ್‌ಗೂ ಬುರುಜುಗಳ ಕಡೆಗೂ ಹೋಗಿ ಬನ್ನಿ. ಬುರುಜುಗಳ ಮೇಲೆ ಹಳೆ ತೋಪುಗಳಿವೆ. ಅವನ್ನು ಹತ್ತಿರದಿಂದ ನೋಡಿ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆ ತೊಡಿಸಿ ಬಿಗಿದು ಮಾಡಿದ ಕೊಳವೆ ಅದು. ಬಳೆಗಳ ಸಾಲು ಕಣ್ಣಿಗೆ ಕಾಣುತ್ತದೆ.

ಏಪ್ರಿಲ್, ಮೇ ಬೇಡ. ಮಳೆ ಹಿಡಿದ ಮೇಲೆ ಬನ್ನಿ. ಕೆಂಪು ಗೋಡೆ, ಹಸಿರು ಹುಲ್ಲು, ನೋಡೋಕೆ ಚೆಂದ. ತಲೆ ಮೇಲೆ ದಡದಡ ಸದ್ದಾದರೆ ಗಾಬರಿ ಬೇಡ, ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ನಿಮ್ಮ ಮಕ್ಕಳು ಮಹಲುಗಳನ್ನು ಬಿಟ್ಟು ಆಕಾಶ ನೋಡುತ್ತಾ ನಿಂತರೂ ನಿಂತಾರು.

ಪ್ರಶ್ನೆ: ಸರ್, ಎಲ್ಲಾ ಕೋಟೆಗೂ ಒಂದು ಕಂದಕ ಇರುತ್ತೆ. ಬೀದರಿಗೆ ಮಾತ್ರ ಮೂರು ಯಾಕೆ? ಒಂದೇ ಸಾಲದಾ? (ಏಳನೇ ಕ್ಲಾಸ್ ವಿದ್ಯಾರ್ಥಿನಿ, ಹುಬ್ಬಳ್ಳಿ)

ಭೇಷ್ ಮಗಳೇ. ದೊಡ್ಡವರು ಯಾರೂ ಇದನ್ನು ಕೇಳಲಿಲ್ಲ ನೋಡು.

ಮೊದಲು ಎಲ್ಲಿ ಮೂರು ಅಂತ ಗಮನಿಸು. ಉತ್ತರಕ್ಕೆ, ಪೂರ್ವಕ್ಕೆ ಬಯಲು ಕಡಿದು ಇಳಿದುಬಿಡುತ್ತದೆ. ಅಲ್ಲಿ ಶತ್ರು ಏದುಸಿರು ಬಿಡುತ್ತಾ ಹತ್ತಿ ಬರಬೇಕು. ತೊಂದರೆ ಇರೋದು ಊರಿನ ಕಡೆ, ದಕ್ಷಿಣಕ್ಕೆ. ಅಲ್ಲಿ ನೆಲ ಸಮ. ಆನೆ, ಕುದುರೆ, ತೋಪಿನ ಬಂಡಿ ಎಲ್ಲಾ ಸಲೀಸಾಗಿ ಬರಬಹುದು. ಅದಕ್ಕೇ ಅಲ್ಲಿ ಜಾಸ್ತಿ ಕಷ್ಟಪಟ್ಟಿದ್ದಾರೆ.

ಈಗ ಹೇಗೆ ಮಾಡಿದರು ಅನ್ನೋದು. ಮೂರು ಕಾಲುವೆಗಳನ್ನು ಬೇರೆಬೇರೆಯಾಗಿ ತೋಡಿ, ನಡುವೆ ಗೋಡೆ ಕಟ್ಟಿದ್ದಾರೆ ಅಂತ ಅನ್ನಿಸುತ್ತದೆ. ಹಾಗಲ್ಲ. ಅಗಲವಾಗಿ ಬಂಡೆಯನ್ನು ಕಡಿಯುತ್ತಾ ಹೋಗಿದ್ದಾರೆ. ನಡುವೆ ಎರಡು ಸಾಲು ಬಂಡೆಯನ್ನು ಕಡಿಯದೆ ಹಾಗೇ ಉಳಿಸಿದ್ದಾರೆ. ಆ ಎರಡು ಗೋಡೆಗಳನ್ನು ಯಾರೂ ಕಟ್ಟಿಲ್ಲ. ಅವು ನೆಲದ್ದೇ ಭಾಗ. ಕಂದಕದ ಅಂಚಿಗೆ ನಿಂತು ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಸಂದೇ ಇಲ್ಲ.

ಇದು ಆಗಿದ್ದು ಅಲ್ಲಿನ ಕಲ್ಲಿನಿಂದ. ಬೀದರಿನ ನೆಲ ಜಂಬಿಟ್ಟಿಗೆ ಕಲ್ಲಿನದು. ಕೆಂಪು, ಮೈ ತುಂಬ ತೂತು. ನೆಲದೊಳಗಿದ್ದಾಗ ಕಡಿಯೋಕೆ ಮೆತ್ತಗೆ. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕೋಟೆ ಕಟ್ಟುವವನಿಗೆ ಇದಕ್ಕಿಂತ ಇನ್ನೇನು ಬೇಕು? ಬಹಮನಿ ಸುಲ್ತಾನ ಅಹ್ಮದ್ ಷಾ ಕಲಬುರಗಿ ಬಿಟ್ಟು ಬೀದರನ್ನು ರಾಜಧಾನಿ ಮಾಡಿಕೊಂಡು 1430ರ ಸುಮಾರಿಗೆ ಕೋಟೆ ಕಟ್ಟಿಸಿದಾಗ, ಕಲ್ಲು ಕಾಲ ಕೆಳಗೇ ಇತ್ತು.

ಇನ್ನು ಮೂರು ಯಾಕೆ. ಕಂದಕ ದಾಟಬೇಕು ಅಂದರೆ ಶತ್ರು ಅದಕ್ಕೆ ಮಣ್ಣು, ಸೌದೆ ತುಂಬಬೇಕು. ತುಂಬುವಾಗ ಮೇಲಿನಿಂದ ಗುಂಡು ಬೀಳುತ್ತಿರುತ್ತದೆ. ಒಂದು ತುಂಬಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಎದುರಿಗೆ ಬಂಡೆಯ ಗೋಡೆ, ಅದರಾಚೆ ಇನ್ನೊಂದು ಕಂದಕ. ಆಮೇಲೆ ಮತ್ತೊಂದು.

"ಹಾಗಾದ್ರೆ ಕೋಟೆ ಸೋಲಲೇ ಇಲ್ವಾ?" ಅಂತ ನೀನು ಕೇಳುತ್ತೀ. ಸೋತಿತು. 1657ರ ಮಾರ್ಚ್‌ನಲ್ಲಿ ಔರಂಗಜೇಬ ಮುತ್ತಿಗೆ ಹಾಕಿದ. ಆಗ ಅವನಿನ್ನೂ ಬಾದಷಾ ಅಲ್ಲ, ಷಹಜಹಾನನ ಮಗ. ಕೋಟೆ ಬಿಜಾಪುರದ ಆದಿಲ್‌ಷಾಹಿಗಳ ಕೈಲಿತ್ತು. ಕಿಲ್ಲೇದಾರ ಸಿದ್ದಿ ಮರ್ಜಾನ್ ಎಂಬ ಮುದುಕ. ಅವನು ಸುಮ್ಮನೆ ಬಾಗಿಲು ತೆರೆಯುವ ಆಸಾಮಿಯಲ್ಲ. ಮೊಘಲರು ಕಂದಕ ತುಂಬುತ್ತಾ ಬಂದರು. ಒಳಗಿನವರು ನುಗ್ಗಿ ಹೊಡೆದು ಓಡಿಸುತ್ತಾ ಇದ್ದರು. ಕೊನೆಗೆ ಮೊಘಲರ ಬಾಣದ (ರಾಕೆಟ್ಟಿನ) ಕಿಡಿ ಒಂದು ಬುರುಜಿನ ಹಿಂದೆ ಕೂಡಿಟ್ಟಿದ್ದ ಸಿಡಿಮದ್ದಿನ ಮೇಲೆ ಬಿತ್ತು. ಭಾರೀ ಸ್ಫೋಟ. ಮರ್ಜಾನ್ ಮತ್ತು ಅವನ ಇಬ್ಬರು ಮಕ್ಕಳಿಗೆ ಮೈಯೆಲ್ಲಾ ಸುಟ್ಟ ಗಾಯ. ಆ ಗದ್ದಲದಲ್ಲಿ ಮೊಘಲರು ಒಳಗೆ ನುಗ್ಗಿದರು. ಒಟ್ಟು 27 ದಿನದ ಮುತ್ತಿಗೆ. ಕೋಟೆ ಬೀಳೋಕೆ ಕಾರಣ ಕಂದಕ ಅಲ್ಲ, ಒಳಗಿದ್ದ ಮದ್ದು.

ಮದ್ದಿನ ಕಥೆ ಬೀದರಿನಲ್ಲಿ ಅಲ್ಲಿಗೇ ಮುಗಿಯಲಿಲ್ಲ. ಕೋಟೆಯಿಂದ ಊರೊಳಗೆ ಬಂದರೆ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ ಇದೆ. 1472ರದು. 1696ರ ಸ್ಫೋಟದಲ್ಲಿ ಅದರ ಮುಂಭಾಗವೇ ಹಾರಿಹೋಯಿತು. ಎರಡು ಮಿನಾರು ಇದ್ದದ್ದರಲ್ಲಿ ಒಂದೇ ಉಳಿದಿದೆ. ಅದರ ಮೈಮೇಲಿನ ನೀಲಿ ಹೆಂಚು ಅಲ್ಲಲ್ಲಿ ಇನ್ನೂ ಇದೆ, ಅಪ್ಪನ ಹತ್ತಿರ ಹೇಳಿ ತಪ್ಪದೆ ನೋಡು.

ಪ್ರಶ್ನೆ: ಕೋಟೆಯೊಳಗಿನ ಮ್ಯೂಸಿಯಂ ಹತ್ತು ನಿಮಿಷದಲ್ಲಿ ಮುಗಿಯಿತು. ಒಂದಷ್ಟು ಶಿಲ್ಪ, ಒಂದಷ್ಟು ಆಯುಧ. ಇದಕ್ಕೆ ಮ್ಯೂಸಿಯಂ ಅನ್ನಬೇಕಾ? (ಬ್ಯಾಂಕ್ ಉದ್ಯೋಗಿ, ಬಳ್ಳಾರಿ)

ಸಣ್ಣದು ನಿಜ. ಆದರೆ ನೀವು ಕೈಕಟ್ಟಿಕೊಂಡು ಒಂದು ಬಾಗಿಲಿಂದ ಹೊಕ್ಕು ಇನ್ನೊಂದರಿಂದ ಹೊರಬಂದಿರಿ ಅಂತ ನನ್ನ ಗುಮಾನಿ. ತಪ್ಪು ತಿಳಿಯಬೇಡಿ. ನೀವು ಇಟ್ಟ ವಸ್ತುಗಳನ್ನು ನೋಡಿದಿರಿ, ಇಟ್ಟ ಜಾಗವನ್ನು ನೋಡಲಿಲ್ಲ. ಆ ಕಟ್ಟಡ ಮ್ಯೂಸಿಯಂ ಅಂತ ಕಟ್ಟಿದ್ದಲ್ಲ. ಅದು ಶಾಹಿ ಹಮಾಮು, ಅಂದರೆ ರಾಜಮನೆತನದ ಸ್ನಾನದ ಮನೆ.

ಮುಂದಿನ ಸಲ ಹೋದಾಗ ಮೊದಲು ತಲೆ ಎತ್ತಿ. ಚಾವಣಿ ಹೇಗೆ ಕಮಾನು ಕಟ್ಟಿದೆ, ಗೋಡೆ ಎಷ್ಟು ದಪ್ಪ ಇದೆ ನೋಡಿ. ಬಿಸಿ ಹೊರಗೆ ಹೋಗಬಾರದು, ಹೊರಗಿನವರ ಕಣ್ಣು ಒಳಗೆ ಬೀಳಬಾರದು. ಹಮಾಮಿನ ಲೆಕ್ಕವೇ ಅದು. ಇರಾನ್, ಮಧ್ಯ ಏಷ್ಯಾ ಕಡೆಯಿಂದ ಬಂದ ಅಮೀರರು ತುಂಬಿದ್ದ ಆಸ್ಥಾನ ಅದು. ಗವಾನನೇ ಇರಾನಿನ ಗಿಲಾನ್‌ನವನು. ಅವರು ತಮ್ಮ ಊರಿನ ಸ್ನಾನದ ರೂಢಿಯನ್ನೂ ಜೊತೆಗೆ ತಂದರು. ಹೊರಗೆ ಬಂದು ಲಾಲ್ ಬಾಗಿನ ಕೊಳ ನೋಡಿದರೆ ನೀರಿನ ಮೇಲೆ ಇವರಿಗಿದ್ದ ಮೋಹ ಪೂರ್ತಿ ಗೊತ್ತಾಗುತ್ತದೆ.

ಇನ್ನೊಂದು ಮಾತು. ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಒಂದು ನಿಯಮ ಮಾಡುತ್ತಿದ್ದೆ. ಎಲ್ಲಾ ನೋಡಬೇಡಿ, ಒಬ್ಬೊಬ್ಬರೂ ಮೂರು ವಸ್ತು ಆರಿಸಿಕೊಂಡು ಅದರ ಚಿತ್ರ ಬರೆಯಿರಿ ಅಂತ. ಹತ್ತು ನಿಮಿಷದ ಮ್ಯೂಸಿಯಂನಿಂದ ಅವರನ್ನು ಹೊರಡಿಸೋಕೆ ಶಿಳ್ಳೆ ಊದಬೇಕಾಗುತ್ತಿತ್ತು.

ಪ್ರಶ್ನೆ: ಬೀದರ್ ಕೋಟೆಯಿಂದ ಕಲಬುರಗಿ ಕೋಟೆಗೆ ಸುರಂಗ ಇದೆಯಂತೆ. ಗೈಡ್ ಹೇಳಿದರು. ನಿಜವಾ? (ಹಲವರು. ಒಬ್ಬರು ಗೋಲ್ಕೊಂಡಾಕ್ಕೆ ಅಂತಲೂ ಬರೆದಿದ್ದಾರೆ)

ಇಲ್ಲ ಸ್ವಾಮಿ. ಕಲಬುರಗಿ ನೂರು ಕಿಲೋಮೀಟರಿಗೂ ದೂರ. ನೆಲದ ಕೆಳಗೆ ಅಷ್ಟು ದೂರ ನಡೆಯುವವರಿಗೆ ಗಾಳಿ ಎಲ್ಲಿಂದ? ಕುದುರೆ ಮೇಲೆ ಹೋಗುವುದು ಬಿಟ್ಟು ಯಾವ ಸುಲ್ತಾನ ಕತ್ತಲಲ್ಲಿ ದಿನಗಟ್ಟಲೆ ನಡೆದಾನು? ನಮ್ಮ ದೇಶದಲ್ಲಿ ಸುರಂಗದ ಕಥೆ ಇಲ್ಲದ ಕೋಟೆಯೇ ಇಲ್ಲ.

ಆದರೆ ಬೀದರಿನಲ್ಲಿ ನಿಜವಾದ ಸುರಂಗವಂತೂ ಇದೆ. ಅದು ಕಥೆಗಿಂತ ಸೊಗಸು. ಊರಿನ ಅಂಚಿನ ನೌಬಾದಿಗೆ ಹೋಗಿ. ಅಲ್ಲಿ ಕರೇಜ್ ಇದೆ. ಬಂಡೆ ಕೊರೆದು ಮಾಡಿದ ನೀರಿನ ದಾರಿ, ಎರಡು ಕಿಲೋಮೀಟರಿಗೂ ಉದ್ದ. ಅಲ್ಲಲ್ಲಿ ಮೇಲಿನಿಂದ ಬಾವಿಯಂತೆ ನೇರ ಇಳಿಯುವ ಕಿಂಡಿಗಳು. ಅಗೆದ ಮಣ್ಣು ತೆಗೆಯೋಕೆ, ಗಾಳಿಗೆ, ನೀರು ಸೇದೋಕೆ ಎಲ್ಲಕ್ಕೂ ಅವೇ. ಪಂಪಿಲ್ಲ, ಏತ ಇಲ್ಲ. ಸಣ್ಣ ಇಳಿಜಾರಿನಲ್ಲಿ ನೀರು ತಾನೇ ಹರಿದು ಬರುತ್ತದೆ. ಇದೂ ಇರಾನಿನಿಂದ ಬಂದ ವಿದ್ಯೆ.

ಇಲ್ಲೂ ಆ ತೂತುಕಲ್ಲಿನದೇ ಕಾರುಬಾರು. ಮಳೆ ನೀರು ಜಂಬಿಟ್ಟಿಗೆಯಲ್ಲಿ ಇಂಗಿ ಕೆಳಗಿಳಿಯುತ್ತದೆ. ಅದರಡಿ ಗಟ್ಟಿ ಕಪ್ಪು ಕಲ್ಲು. ಅಲ್ಲಿ ನೀರು ನಿಂತು ಪಕ್ಕಕ್ಕೆ ಹರಿಯುತ್ತದೆ. ಕರೇಜ್ ಕೊರೆದವರು ಈ ಎರಡು ಕಲ್ಲು ಕೂಡುವ ಜಾಗವನ್ನೇ ಹಿಡಿದಿದ್ದಾರೆ. ಗುರುನಾನಕ್ ಝೀರಾ ಗುರುದ್ವಾರದಲ್ಲಿ, ಝರಣಿ ನರಸಿಂಹನ ಗುಹಾ ದೇವಾಲಯದಲ್ಲಿ ಚಿಮ್ಮುವ ನೀರೂ ಇದೇ ನೆಲದ್ದು. ಸುರಂಗದಲ್ಲಿ ನಡೆಯಲೇಬೇಕು ಅಂತ ಹಟ ಇದ್ದರೆ ಝರಣಿ ನರಸಿಂಹನ ಗುಹೆಗೆ ಹೋಗಿ. ಎದೆಮಟ್ಟದ ನೀರು, ಮೇಲೆ ಬಾವಲಿಗಳು. ನೀರು ಎಷ್ಟಿದೆ ಅಂತ ಕೇಳಿಕೊಂಡು ಹೋಗಿ.

ಪ್ರಶ್ನೆ: ರಂಗೀನ್ ಮಹಲ್‌ಗೆ ಬೀಗ ಇತ್ತು. ನೋಡದೆ ಬಂದೆವು. ಏನು ಕಳೆದುಕೊಂಡೆವು? (ದಂಪತಿ, ಶಿವಮೊಗ್ಗ)

ಜಾಸ್ತಿನೇ ಕಳೆದುಕೊಂಡಿರಿ. ಬೀಗ ನೋಡಿ ವಾಪಸ್ ಬರಬಾರದು, ಅಲ್ಲಿನ ಸಿಬ್ಬಂದಿಯನ್ನು ವಿನಯವಾಗಿ ಕೇಳಬೇಕು. ಒಳಗೆ ಕೆತ್ತಿದ ಮರದ ಕಂಬಗಳಿವೆ. ಅದಕ್ಕಿಂತ ಮುಖ್ಯ, ಕರಿಕಲ್ಲಿನ ಬಾಗಿಲುವಾಡದಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸ. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಷಾಹಿಗಳ ಕಾಲದಲ್ಲಿ, 16ನೇ ಶತಮಾನದಲ್ಲಿ, ಅಲಿ ಬರೀದ್ ಮಾಡಿಸಿದ್ದು. ನೇರ ನಿಂತರೆ ಚಿಪ್ಪು ಬರೀ ಬೆಳ್ಳಗೆ ಕಾಣುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ತಿಳಿ ಗುಲಾಬಿ, ಹಸಿರು ಓಡಾಡುತ್ತದೆ. ಕೈ ಮಾತ್ರ ಹಚ್ಚಬೇಡಿ.

ಪ್ರಶ್ನೆ: "ಅದು ಸುಲ್ತಾನರ ಕೋಟೆ, ನಮಗೇನು ಸಂಬಂಧ" ಅಂತ ನಮ್ಮ ಪಕ್ಕದ ಮನೆಯವರು ಹೇಳುತ್ತಾರೆ. ಏನು ಉತ್ತರ ಕೊಡಲಿ? (ನಿವೃತ್ತ ಅಂಚೆ ನೌಕರ, ದಾವಣಗೆರೆ)

ಉತ್ತರ ಕೊಡಬೇಡಿ. ಹೋಳಿ ಆದ ಮೇಲೆ ಅಷ್ಟೂರಿನಲ್ಲಿ ಉರುಸ್ ನಡೆಯುವಾಗ ಅವರನ್ನು ಕರೆದುಕೊಂಡು ಬನ್ನಿ. ಕೋಟೆ ಕಟ್ಟಿಸಿದ ಅಹ್ಮದ್ ಷಾ ವಲಿಯ ಗೋರಿ ಇರೋದು ಅಲ್ಲೇ, ಬೀದರಿನಿಂದ ಮೂರ್ನಾಲ್ಕು ಕಿಲೋಮೀಟರ್. ಅವನನ್ನು ಅಲ್ಲಮಪ್ರಭು ಅಂತಲೇ ನಂಬುವ ಲಿಂಗಾಯತ ಭಕ್ತರಿದ್ದಾರೆ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು, ಫಕೀರರ ನಿಲುವಂಗಿ ತೊಟ್ಟು ಉರುಸ್ ನಡೆಸಿಕೊಡುತ್ತಾರೆ. ಗೋರಿಯ ಒಳಗೆ ಚಾವಣಿ ತುಂಬ ಬಣ್ಣದ ಚಿತ್ತಾರ ಇದೆ. ಟಾರ್ಚ್ ತನ್ನಿ, ಒಳಗೆ ಮಬ್ಬು.

ಪ್ರಶ್ನೆ: ಬಿದ್ರಿ ಸಾಮಾನಿಗೆ ಕೋಟೆಯ ಮಣ್ಣೇ ಬೇಕಂತೆ. ಒಂದು ಹಿಡಿ ಮಣ್ಣು ತಂದಿಟ್ಟುಕೊಳ್ಳಬಹುದಾ? ಅಸಲಿ ಬಿದ್ರಿ ಕೊಳ್ಳೋದು ಎಲ್ಲಿ? (ಉಪನ್ಯಾಸಕಿ, ಮಂಗಳೂರು)

ಮಣ್ಣು ಬೇಡಮ್ಮ. ಅದು ಸಂರಕ್ಷಿತ ಸ್ಮಾರಕ. ಅಲ್ಲದೆ ಎಲ್ಲಾ ಮಣ್ಣೂ ಆಗಿಬರುವುದಿಲ್ಲ. ಬಿಸಿಲು ಮಳೆ ಕಾಣದೆ ನೂರಾರು ವರ್ಷ ಬಿದ್ದಿರುವ ಮೂಲೆಯ ಮಣ್ಣು ಬೇಕು. ಕುಶಲಕರ್ಮಿಗಳು ಒಂದು ಚಿಟಿಕೆ ನಾಲಿಗೆ ಮೇಲೆ ಇಟ್ಟುಕೊಂಡು ಉಪ್ಪಿನಂಶ ನೋಡಿ ಹೇಳುತ್ತಾರೆ.

ಕೆಲಸ ನಡೆಯುವ ಕಡೆ ಕೂತು ನೋಡಿ, ಅದು ಮಣ್ಣಿಗಿಂತ ಒಳ್ಳೆಯ ನೆನಪು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಉಜ್ಜಿ ನಯ ಮಾಡಿದ ಮೇಲೆ ಎಲ್ಲಾ ಒಂದೇ ಬೂದು ಬಣ್ಣ, ಬೆಳ್ಳಿ ಯಾವುದು ಸತುವು ಯಾವುದು ಅಂತ ಕಣ್ಣಿಗೆ ಸರಿಯಾಗಿ ಹತ್ತುವುದಿಲ್ಲ. ಆಮೇಲೆ ಕೋಟೆ ಮಣ್ಣು, ನವಸಾಗರ ಹಾಕಿದ ಬಿಸಿ ನೀರು. ಅದರಲ್ಲಿ ತಿರುವಿದ ಸ್ವಲ್ಪ ಹೊತ್ತಿಗೆ ಸತುವು ಕಪ್ಪಗೆ ತಿರುಗುತ್ತದೆ. ಬೆಳ್ಳಿ ಮಾತ್ರ ಹಾಗೇ ಇರುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಷಾ ರಶೀದ್ ಅಹ್ಮದ್ ಖಾದ್ರಿ ಇದೇ ಊರಿನ ಬಿದ್ರಿ ಕಲಾವಿದರು.

ಅಂಗಡಿಗಳು ಊರ ನಡುವಿನ ಚೌಬಾರಾ ಗೋಪುರದಿಂದ ಗವಾನ್ ಮದರಸಾ ಕಡೆ ಹೋಗುವ ರಸ್ತೆಯಲ್ಲಿವೆ. ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ. ಸತುವಿನ ತೂಕ ಇರಬೇಕು. ಬೆಳ್ಳಿಯ ಗೆರೆ ಮೇಲೆ ಬಳಿದ ಹಾಗಿರದೆ, ಒಳಗೆ ಕೂತ ಹಾಗಿರಬೇಕು. ಮನೆಗೆ ತಂದ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿಬಿಡಬೇಡಿ, ಕಪ್ಪೆಲ್ಲಾ ಹೋದೀತು. ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.