ಹೋಮ್‌ಸ್ಟೇ ಬುಕಿಂಗ್ ಆಪನ್ನು ಮನೆಯ ಹಳೇ ಕಂಪ್ಯೂಟರಿನಲ್ಲೇ ಇಡಲೋ, ಕ್ಲೌಡ್ ಸರ್ವರ್ ಬಾಡಿಗೆಗೆ ಹಿಡಿಯಲೋ?

ನೀವು ತೀರ್ಥಹಳ್ಳಿಯವರು. ಆಗುಂಬೆ ಸುತ್ತಿನ ಐದಾರು ಹೋಮ್‌ಸ್ಟೇಗಳಿಗೆ ಜಾಂಗೋ ಅನ್ನುವ ಪೈಥಾನ್ ಚೌಕಟ್ಟಿನಲ್ಲಿ ಬುಕಿಂಗ್ ಆಪ್ ಬರೆದಿದ್ದೀರಿ. ಮನೆಯಲ್ಲಿ ಫೈಬರ್ ಇದೆ, ಯುಪಿಎಸ್ ಇದೆ, ಹಳೇ ಡೆಸ್ಕ್‌ಟಾಪ್ ಸುಮ್ಮನೆ ಕೂತಿದೆ, ಇಷ್ಟಿದ್ದೂ ತಿಂಗಳ ಬಾಡಿಗೆ ಯಾಕೆ ಕೊಡಬೇಕು ಅಂತ ಕೇಳಿದ್ದೀರಿ.

ಕೊಡಿ. ಆಗುಂಬೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಾಗ, ನಿಮಗೆ ನಾನು ಹೇಳಬೇಕಾಗಿಲ್ಲ. ಲೈನ್ ಮೇಲೆ ಒಂದು ಮರ ಮುರಿದು ಬಿದ್ದರೆ ಕರೆಂಟು ಯಾವಾಗ ಬಂತೋ ಆಗ. ಯುಪಿಎಸ್ ಎಷ್ಟು ಹೊತ್ತು ತಡೆದೀತು? ಮಳೆ ನೋಡೋಕೆ ಬರುವವರು ರೂಮ್ ಹುಡುಕುವುದೂ ಅದೇ ತಿಂಗಳುಗಳಲ್ಲಿ. ಇನ್ನೊಂದು ತೊಡಕು: ಮನೆಯ ಕನೆಕ್ಷನ್‌ಗಳಲ್ಲಿ ಎಷ್ಟೋ ಸಲ ನಮಗೇ ಅಂತ ಪ್ರತ್ಯೇಕ ಐಪಿ ವಿಳಾಸ ಇರುವುದಿಲ್ಲ, ಹತ್ತಾರು ಮನೆಗೆ ಸೇರಿ ಒಂದು. ಹೊರಗಿನವರು ನಿಮ್ಮ ಡೆಸ್ಕ್‌ಟಾಪ್ ಬಾಗಿಲು ತಟ್ಟಬೇಕು ಅಂದರೆ ಅದಕ್ಕೆ ಬೇರೆಯೇ ಸರ್ಕಸ್ಸು.

ಸರ್ವರ್ ಎಷ್ಟು ದೊಡ್ಡದು ಬೇಕು ಅಂದರೆ, ಸಣ್ಣದೇ ಸಾಕು. ಡಿಜಿಟಲ್‌ಓಷನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ, ಅಮೆಜಾನ್‌ಗೆ 2016ರಿಂದ ಮುಂಬೈಯಲ್ಲಿ, 2022ರಿಂದ ಹೈದರಾಬಾದಿನಲ್ಲೂ ಇದೆ. ಬೆಂಗಳೂರಿನದರಲ್ಲಿ 1 ಜಿಬಿ ರ್‍ಯಾಮ್, 25 ಜಿಬಿ ಡಿಸ್ಕಿನ ಯಂತ್ರಕ್ಕೆ ತಿಂಗಳಿಗೆ 6 ಡಾಲರ್, ಮೇಲೆ 18% ಜಿಎಸ್‌ಟಿ. ಒಂದು ವಿಷಯ ಮಾತ್ರ ನೆನಪಿರಲಿ: ಅಲ್ಲಿ ಸರ್ವರನ್ನು ಆಫ್ ಮಾಡಿಟ್ಟರೂ ಬಾಡಿಗೆ ಓಡುತ್ತಲೇ ಇರುತ್ತದೆ, ಪೂರ್ತಿ ಅಳಿಸಿದರೇ ನಿಲ್ಲುವುದು. ಗೇಣಿದಾರರು ಹೋರಾಡಿದ ಕಾಗೋಡು ಸತ್ಯಾಗ್ರಹದ ತಾಲ್ಲೂಕಿನವನು ನಾನು, ಆದರೂ ಹೇಳುತ್ತೇನೆ, ಕ್ಲೌಡಿನಲ್ಲಿ ಉಳುವವನು ಯಾವತ್ತೂ ಹೊಲದೊಡೆಯ ಆಗುವುದಿಲ್ಲ. ಗೇಣಿ ತಪ್ಪಿದರೆ ಗದ್ದೆಯೂ ಇಲ್ಲ, ಬೆಳೆಯೂ ಇಲ್ಲ.

1 ಜಿಬಿಯಲ್ಲಿ ಜಾಂಗೋ, ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್, ಹೊರಗಿನಿಂದ ಬಂದ ಕೋರಿಕೆಗಳನ್ನು ಆಪಿಗೆ ದಾಟಿಸುವ ಎಂಜಿನ್‌ಎಕ್ಸ್ ಮೂರೂ ಕೂರುತ್ತವೆ, ಮೈ ಮುದುರಿಕೊಂಡು. ಜಾಂಗೋ ಆಪನ್ನು ಓಡಿಸುವ ಗುನಿಕಾರ್ನ್‌ನವರು ವರ್ಕರ್‌ಗಳ, ಅಂದರೆ ಒಟ್ಟಿಗೇ ಓಡುವ ಆಪಿನ ಪ್ರತಿಗಳ, ಲೆಕ್ಕಕ್ಕೆ ಪ್ರೊಸೆಸರ್ ಕೋರ್‌ಗಳ ಎರಡರಷ್ಟಕ್ಕೆ ಒಂದು ಸೇರಿಸಿ ಅನ್ನುತ್ತಾರೆ. ಒಂದು ಕೋರ್ ಅಂದರೆ ಮೂರು. ನೀವು ಎರಡರಿಂದ ಶುರು ಮಾಡಿ, ರ್‍ಯಾಮ್ ಸಾಲದಾಗ ಡಿಸ್ಕಿನಲ್ಲಿ ಆಸರೆಯಾಗುವ 2 ಜಿಬಿ ಸ್ವಾಪ್ ಫೈಲನ್ನೂ ಹಾಕಿಕೊಳ್ಳಿ. ಇಲ್ಲದಿದ್ದರೆ ಒಂದು ದಿನ ಮೆಮೊರಿ ಮುಗಿದು, ಲಿನಕ್ಸ್ ತಾನಾಗಿಯೇ ಯಾವುದೋ ಒಂದು ಪ್ರೋಗ್ರಾಮನ್ನು ಕೊಲ್ಲುತ್ತದೆ. ಅದು ಆರಿಸುವುದು ಸಾಮಾನ್ಯವಾಗಿ ಹೆಚ್ಚು ಮೆಮೊರಿ ಹಿಡಿದು ಕೂತದ್ದನ್ನೇ, ಅಂದರೆ ನಿಮ್ಮ ಆಪನ್ನೋ ಡೇಟಾಬೇಸನ್ನೋ. ಗ್ರಾಹಕರಿಗೆ ಕಾಣುವುದು 502 ಅನ್ನೋ 500 ಅನ್ನೋ ಎರರ್ ಅಂಕಿ ಮಾತ್ರ.

ಬೀಗದ ವಿಚಾರ ಬೇಗ ಹೇಳಿಬಿಡುತ್ತೇನೆ. ಪಾಸ್‌ವರ್ಡ್ ಲಾಗಿನ್ ಬಂದ್, ಎಸ್‌ಎಸ್‌ಎಚ್ ಕೀ ಮಾತ್ರ, ಅಂದರೆ ನಿಮ್ಮ ಕಂಪ್ಯೂಟರಿನಲ್ಲಿರುವ ಡಿಜಿಟಲ್ ಬೀಗದಕೈ. ಫೈರ್‌ವಾಲ್‌ನಲ್ಲಿ ಲಾಗಿನ್‌ಗೆ 22, ವೆಬ್‌ಗೆ 80, 443 ಪೋರ್ಟ್‌ಗಳನ್ನು ಬಿಟ್ಟು ಬೇರೇನೂ ತೆರೆದಿರಬಾರದು. ಸೆಕ್ಯುರಿಟಿ ಅಪ್‌ಡೇಟ್ ತಾನಾಗಿ ಆಗಲಿ. ದೊಡ್ಡ ಅಪ್‌ಗ್ರೇಡನ್ನು ಸಂಪರ್ಕ ಕಡಿದರೂ ಕೆಲಸ ನಡೆಯುತ್ತಲೇ ಇರುವಂತೆ ಮಾಡುವ ಟಿಮಕ್ಸ್ ಒಳಗೆ ನಿಂತೇ ಮಾಡಿ. ಗುಡುಗು ಬಂದಾಗ ಮೊಬೈಲ್ ಟವರ್ ಹೋಗಿ ನನ್ನ ಅಪ್‌ಗ್ರೇಡ್ ಅರ್ಧಕ್ಕೆ ನಿಂತ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಇನ್ನು ಯಾರೂ ಹೇಳದ ಒಂದು ಸಂಗತಿ, ಟೈಮು. ಈ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನನ್ನ ಆಪ್ ಇರುವುದು ಅಡಿಕೆ ಸುಲಿಯುವವರ ಕೂಲಿ ಲೆಕ್ಕಕ್ಕೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೆರಡು ದಾಟಿದರೂ ಸುಲಿಯುತ್ತ ಕೂತಿರುತ್ತಾರೆ. ಎರಡು ವರ್ಷ ಆಪ್ ಯುಟಿಸಿಯಲ್ಲೇ ನಡೆಯಿತು, ಯಾರೂ ಏನೂ ಅನ್ನಲಿಲ್ಲ. ಒಮ್ಮೆ ನಾನು ಇದು ತಪ್ಪು ಅಂತ ಕಂಡುಹಿಡಿದು ಭಾರತದ ಸಮಯಕ್ಕೆ ಬದಲಿಸಿದೆ. ಮಾರನೇ ದಿನವೇ ಒಬ್ಬರು ಅಕ್ಕ, “ತಮ್ಮಾ, ಒಂದೇ ರಾತ್ರಿ ಕೂತು ಸುಲಿದದ್ದು ಎರಡು ದಿನದ್ದು ಅಂತ ಯಾಕೆ ತೋರಿಸ್ತದೆ?” ಅಂದರು. ಯುಟಿಸಿಯ ದಿನ ನಮ್ಮಲ್ಲಿ ಬೆಳಿಗ್ಗೆ 5:30ಕ್ಕೆ ಬದಲಾಗುತ್ತದೆ, ಸುಲಿಯುವವರ ದಿನವೂ ಹೆಚ್ಚುಕಮ್ಮಿ ಹಾಗೇ. ನನ್ನ ತಪ್ಪೇ ಸರಿಯಿತ್ತು! ನಿಮ್ಮದು ಉಲ್ಟಾ. ರಾತ್ರಿ ಒಂದು ಗಂಟೆಗೆ ಯಾರಾದರೂ ‘ಇವತ್ತಿಗೆ’ ಅಂತ ರೂಮ್ ಹಿಡಿದರೆ ಯುಟಿಸಿಯಲ್ಲಿ ಅದು ನಿನ್ನೆ. ಸೆಟ್ಟಿಂಗ್ಸ್‌ನಲ್ಲಿ ಕೋಲ್ಕತಾ ಟೈಮ್‌ಝೋನ್ ಹಾಕಿ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಯಾವ ಗಡಿಯಾರ ನೋಡಿ ಓಡುತ್ತಿದೆ ಅಂತಲೂ ನೋಡಿಕೊಳ್ಳಿ.

ಆ ಹಳೇ ಡೆಸ್ಕ್‌ಟಾಪ್ ಮಾರಬೇಡಿ, ಅದಕ್ಕೆ ಕೆಲಸ ಇದೆ. ಸರ್ವರಿನ ಬ್ಯಾಕಪ್ ಸರ್ವರಿನಲ್ಲೇ ಇಟ್ಟರೆ ಅದು ಬ್ಯಾಕಪ್ ಅಲ್ಲ. ಕಾರ್ಡ್ ಫೇಲಾಗಿ ಖಾತೆ ಮುಚ್ಚಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಪೋಸ್ಟ್‌ಗ್ರೆಸ್ ಡಂಪನ್ನು, ಅಂದರೆ ಡೇಟಾಬೇಸಿನ ಪೂರ್ತಿ ಪ್ರತಿಯನ್ನು, ದಿನಾ ರಾತ್ರಿ ಮನೆಯ ಯಂತ್ರವೇ ಹೋಗಿ ಎಳೆದುಕೊಂಡು ಬರಲಿ, ಸರ್ವರ್ ಇಲ್ಲಿಗೆ ಕಳಿಸುವುದು ಬೇಡ. ಆಗ ನಿಮಗೆ ಸ್ವಂತ ಐಪಿಯೂ ಬೇಕಿಲ್ಲ, ಸರ್ವರಿಗೆ ಯಾರಾದರೂ ನುಗ್ಗಿದರೂ ಮನೆಯ ಪ್ರತಿಗಳಿಗೆ ಕೈ ಹಾಕಲಾರರು. ಕರೆಂಟಿಲ್ಲದ ದಿನ ತಪ್ಪಿದರೆ ಬಂದ ದಿನ ಎಳೆದರಾಯಿತು. ಮೇ ತಿಂಗಳಲ್ಲಿ ಒಂದು ಭಾನುವಾರ ಆ ಡಂಪನ್ನು ಡೆಸ್ಕ್‌ಟಾಪಿನಲ್ಲೇ ಬಿಚ್ಚಿ, ಬುಕಿಂಗ್‌ಗಳೆಲ್ಲ ಅದರಲ್ಲಿ ಇವೆಯೇ ಅಂತ ಎಣಿಸಿ ನೋಡಿ. ಮಳೆ ಹಿಡಿದ ಮೇಲೆ ಪುರುಸೊತ್ತು ಸಿಗುವುದಿಲ್ಲ.